ಎಪ್ಪತ್ತೆರಡರಿಂದ ಆರಕ್ಕೆ ಇಳಿದ ಭಾವ

ನನ್ನ ಅಕ್ಕನ ಗಂಡ ಹಲ್ಲಿನ ಸೆಟ್ ಮಾಡುವವರು. ದಂತವೈದ್ಯರಲ್ಲ. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಭಾವ ಅದಕ್ಕೆ ಹೊಂದುವಂತೆ ಹಲ್ಲು ಕೂರಿಸಿ ವಾಪಸ್ ಕಳಿಸುತ್ತಾರೆ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವರ ಲ್ಯಾಬ್: ಎರಡು ಮೇಜು, ಒಂದು ಸಾಣೆ ಮೋಟಾರು, ಮೇಣ ಕರಗಿಸುವ ಸ್ಪಿರಿಟ್ ದೀಪ, ಎಲ್ಲದರ ಮೇಲೂ ಪ್ಲಾಸ್ಟರಿನ ತೆಳು ಬಿಳಿ ಪುಡಿ. ಇಪ್ಪತ್ತೆಂಟು ವರ್ಷಗಳಲ್ಲಿ ಸಾವಿರಾರು ಬಾಯಿಗಳಿಗೆ ಹಲ್ಲು ಮಾಡಿಕೊಟ್ಟಿದ್ದಾರೆ. ಅವುಗಳಲ್ಲಿ ಹತ್ತು ಬಾಯಿಗಳನ್ನೂ ಕಣ್ಣಾರೆ ಕಂಡಿಲ್ಲ.

ಮನೆಗೆ ಬಂದರೆ ಮತ್ತೆ ಅದೇ ಸಣ್ಣ ಕೆಲಸ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಪ್ಲಾಸ್ಟಿಕ್ ಕಿಟ್‌ಗಳನ್ನು ಬಿಚ್ಚಿ ಸೈನ್ಯದ ಗಾಡಿಗಳ ಮಾದರಿ ಕಟ್ಟುತ್ತಾರೆ. ಹಳೆಯ ಯುದ್ಧಗಳ ಟ್ಯಾಂಕುಗಳು ಅವರಿಗೆ ರುಚಿಸವು. ಈಗ ಓಡಾಡುತ್ತಿರುವ ಗಾಡಿಗಳೇ ಬೇಕು. ಅವರ ಪ್ರಕಾರ, ಈ ಹುಚ್ಚು ಹಿಡಿಸಿಕೊಳ್ಳುವವನು ಮೊದಲು ತೀರ್ಮಾನಿಸಬೇಕಾದದ್ದು ಯಾವ ಗಾಡಿ ಎಂಬುದನ್ನಲ್ಲ, ಯಾವ ಸ್ಕೇಲ್ ಎಂಬುದನ್ನು. ಏಳು ಮೀಟರಿನ ಗಾಡಿಯನ್ನು ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು ಹತ್ತು ಸೆಂಟಿಮೀಟರಿಗಿಂತ ಕೊಂಚ ಕಡಿಮೆ, ಅಂಗೈಯಲ್ಲಿ ಕೂರುತ್ತದೆ. ಮೂವತ್ತೈದರಲ್ಲಿ ಒಂದು ಪಾಲಾದರೆ ಇಪ್ಪತ್ತು ಸೆಂಟಿಮೀಟರು. ಉದ್ದ ಎರಡರಷ್ಟು ಎಂದುಕೊಂಡು ಕೊಂಡವನು ಅದು ಕಪಾಟಿನಲ್ಲಿ ನಾಲ್ಕು ಗಾಡಿಗಳ ಜಾಗ ತಿನ್ನುವುದನ್ನು ಆಮೇಲೆ ಕಂಡುಕೊಳ್ಳುತ್ತಾನೆ. ಮನೆಯಲ್ಲಿ ಇರುವುದು ಎರಡು ಕೋಣೆ. ಆದ್ದರಿಂದ ಭಾವನದು ಎಪ್ಪತ್ತೆರಡು. ಅದರ ಹೊರತು ಬೇರೆ ಯಾವುದನ್ನೂ ಕಟ್ಟುವುದಿಲ್ಲವೆಂಬ ಹಟವೂ ಇತ್ತು.

"ಸ್ಕೇಲ್ ಬೆರೆಸಿದರೆ ಕಪಾಟು ಸುಳ್ಳು ಹೇಳುತ್ತೆ," ಎನ್ನುತ್ತಿದ್ದರು. "ಜೀಪು ಟ್ಯಾಂಕಿಗಿಂತ ದೊಡ್ಡದು ಕಾಣಬಾರದು ನೋಡು."

"ಸುಳ್ಳು ಹೇಳಲಿ ಬಿಡಿ, ಧೂಳು ಹಿಡೀದೆ ಇದ್ದರೆ ಸಾಕು," ಎಂದು ಅಕ್ಕ ಅಡುಗೆಮನೆಯಿಂದ ಕೂಗುತ್ತಿದ್ದಳು. ಅರವತ್ತಮೂರು ಗಾಡಿಗಳನ್ನು ವಾರಕ್ಕೊಮ್ಮೆ ಕುಂಚದಿಂದ ಒರೆಸುತ್ತಿದ್ದವಳು ಅವಳೇ.

ಭಾವನ ತಮ್ಮನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಡ್ರೈವರ್ ಎಂದೇ. ಸೈನ್ಯದಲ್ಲಿ ಹನ್ನೊಂದು ವರ್ಷ ಎಂಟು ಚಕ್ರದ ಕವಚದ ಗಾಡಿ ಓಡಿಸಿದವನು. ಕಣ್ಣಿನೊಳಗಿನ ಒತ್ತಡ ಏರಿ ನರ ಕೆಟ್ಟು, ಐದು ವರ್ಷದಲ್ಲಿ ಎರಡೂ ಕಣ್ಣು ಹೋದವು. ಯುದ್ಧದಲ್ಲಿ ಹೋಯಿತೆಂದು ಯಾರಾದರೂ ಮರುಗಿದರೆ ಅವನಿಗೆ ರೇಗುತ್ತದೆ. "ಒಂದು ಗುಂಡೂ ನನ್ನ ಕಡೆ ಬರಲಿಲ್ಲ ಸ್ವಾಮಿ, ಬರೀ ಕಾಯಿಲೆ," ಎಂದು ಬಾಯಿ ಮುಚ್ಚಿಸುತ್ತಾನೆ. ಈಗ ಒಂದು ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ. ಎರಡು ಬೀದಿ ಆಚೆ ಇರುತ್ತಾನೆ, ಭಾನುವಾರ ಕೋಲು ತಟ್ಟಿಕೊಂಡು ಬರುತ್ತಾನೆ.

ಅಂಥ ಒಂದು ಭಾನುವಾರ ನಾನೂ ಅಲ್ಲಿದ್ದೆ. ಚಹಾ ಮುಗಿದಿತ್ತು. ಡ್ರೈವರ್ ಲೋಟವನ್ನು ಮೇಜಿನ ಅಂಚು ತಡವಿ ಇಟ್ಟ.

"ಅಣ್ಣಾ, ಕಣ್ಣು ಹೋಗಿದ್ದಕ್ಕೆ ಹೇಗೋ ಹೊಂದಿಕೊಂಡೆ. ಈಗ ಮುಂಚೆ ಕಂಡಿದ್ದೂ ಅಳಿಸಿ ಹೋಗ್ತಾ ಇದೆ."

"ಅಂದರೆ?"

"ಅಂದರೆ ಅದೇ. ಮೊನ್ನೆ ಸುಮ್ಮನೆ ಕುರ್ಚಿಯಲ್ಲಿ ಕೂತು ನನ್ನ ಗಾಡೀನ ನೆನೆಸಿಕೊಂಡೆ. ಮುಂಭಾಗ ಹೇಗಿತ್ತು ಅಂತಲೇ ಹೊಳೀಲಿಲ್ಲ. ಹನ್ನೊಂದು ವರ್ಷ, ಅಣ್ಣಾ! ಇನ್ನೆರಡು ವರ್ಷಕ್ಕೆ ನಾನು ಏನು ಓಡಿಸ್ತಾ ಇದ್ದೆ ಅನ್ನೋದೂ ಮರೆತು ಹೋಗುತ್ತೇನೋ. ನೀನು ಇಷ್ಟೆಲ್ಲ ಕಟ್ಟುತ್ತೀಯಲ್ಲ, ನನಗೊಂದು ಕಟ್ಟಿಕೊಡು. ಮುಟ್ಟಿ ನೋಡಿಕೊಂಡಿರ್ತೀನಿ."

ಭಾವ ಎದ್ದರು. ಆ ಗಾಡಿ ಅವರ ಕಪಾಟಿನಲ್ಲೇ ಇತ್ತು, ಎರಡನೆಯ ಅಂತಸ್ತಿನಲ್ಲಿ ಎಡದಿಂದ ನಾಲ್ಕನೆಯದು. ತಂದು ತಮ್ಮನ ಅಂಗೈ ಮೇಲಿಟ್ಟರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿದ, ಹೆಬ್ಬೆರಳಿನಿಂದ ಸವರಿದ.

"ಇದೇನು, ಸವೆದ ಸೋಪಿನ ಬಿಲ್ಲೆಯಾ?"

ಅಕ್ಕ ನಕ್ಕುಬಿಟ್ಟಳು. ಭಾವ ನಗಲಿಲ್ಲ. ಕೆಲಸದ ಚೀಲದಿಂದ ಕೈವಾರ ತೆಗೆದು ತಮ್ಮನ ತೋರುಬೆರಳಿನ ತುದಿಗೆ ಮೆಲ್ಲಗೆ ತಾಗಿಸಿದರು.

"ಏನಣ್ಣಾ, ಇಂಜೆಕ್ಷನ್ನಾ?"

"ಸುಮ್ಮನಿರೋ. ಒಂದು ಚುಚ್ಚು ಅನ್ನಿಸುತ್ತೋ ಎರಡೋ ಹೇಳು."

ಎರಡು ಮೊನೆಗಳ ನಡುವೆ ಒಂದೂವರೆ ಮಿಲಿಮೀಟರ್ ಇದ್ದಾಗ ಅವನು ಒಂದು ಎಂದ. ಎರಡು ಮಿಲಿಮೀಟರ್ ಆದಾಗ ಎರಡು ಎಂದ. ಭಾವ ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿ ನನಗೆ ತೋರಿಸಿದರು. ಬೆರಳಿನ ಎರಡು ಮಿಲಿಮೀಟರು ಎಪ್ಪತ್ತೆರಡರ ಸ್ಕೇಲಿನಲ್ಲಿ ನಿಜವಾದ ಗಾಡಿಯ ಹದಿನಾಲ್ಕು ಸೆಂಟಿಮೀಟರಿಗೆ ಸಮ. ಅಷ್ಟರೊಳಗಿನ ದೀಪ, ಕೊಂಡಿ, ಹಿಡಿ ಎಲ್ಲವೂ ಅವನ ಬೆರಳಿಗೆ ಒಂದೇ ಗಂಟು. ಮೂವತ್ತೈದರಲ್ಲಾದರೆ ಏಳು ಸೆಂಟಿಮೀಟರು. ಹಿಡಿ ಬೇರೆ, ದೀಪ ಬೇರೆ ಎಂದು ತಿಳಿಯುತ್ತದೆ.

"ಹಾಗಾದರೆ ಮೂವತ್ತೈದು," ಎಂದರು. ಹದಿನೇಳು ವರ್ಷದ ಹಟ ಒಂದು ಲಕೋಟೆಯ ಬೆನ್ನಿನ ಮೇಲೆ ಮುಗಿಯಿತು.

ಕಿಟ್ ಬಂದ ಮೇಲೆ ಭಾವ ಎರಡು ತಿಂಗಳು ತಲೆ ಎತ್ತಲಿಲ್ಲ. ಮಾದರಿ ಕಟ್ಟುವವರಿಗೆ ಒಂದು ಅಭ್ಯಾಸವಿದೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಯಾವಾಗಲೂ ಸ್ಕೇಲಿಗಿಂತ ದಪ್ಪ, ಕನ್ನಡಿಯ ತೋಳು ಪೊರಕೆ ಕಡ್ಡಿಯಷ್ಟು ಬಂದಿರುತ್ತದೆ. ಅದನ್ನು ಉಜ್ಜಿ ಉಜ್ಜಿ ಕೂದಲೆಳೆಗೆ ತರುವುದೇ ಜಾಣತನ. ಭಾವ ಕನ್ನಡಿಯ ತೋಳುಗಳನ್ನು ತೆಳುಮಾಡಿದರು, ಕೈಹಿಡಿಗಳನ್ನು ಕತ್ತರಿಸಿ ಹಿತ್ತಾಳೆ ತಂತಿ ಹಾಕಿದರು, ಹಸಿರಿನ ಮೂರು ಛಾಯೆ ಹಚ್ಚಿ ಚಕ್ರಗಳಿಗೆ ಒಣಗಿದ ಕೆಸರಿನ ಬಣ್ಣ ಕೊಟ್ಟರು. ಅಷ್ಟು ಚೆಂದದ ಕೆಲಸವನ್ನು ಅವರ ಕೈಯಲ್ಲೂ ನಾನು ಮುಂಚೆ ನೋಡಿರಲಿಲ್ಲ. ಅದನ್ನು ಯಾರಿಗಾಗಿ ಮಾಡುತ್ತಿದ್ದಾರೆ ಎಂಬುದು ಅವರಿಗೆ ಮರೆತೇ ಹೋಗಿತ್ತು. ನಮಗೂ ಹೊಳೆಯಲಿಲ್ಲ.

ಡ್ರೈವರ್ ಎರಡೂ ಕೈಯಿಂದ ಅದನ್ನು ಹಿಡಿದ. ಹೆಬ್ಬೆರಳು ಮುಂದಕ್ಕೆ ಸರಿಯಿತು. ಚಟ್ ಎಂದು ಸದ್ದಾಯಿತು.

"ಏನದು?"

"ಏನಿಲ್ಲ, ಕನ್ನಡಿ," ಎಂದರು ಭಾವ.

ಇನ್ನೊಂದು ಚಟ್. ಅದೂ ಏನಿಲ್ಲವೇ. ಮೂರನೆಯದಕ್ಕೆ ತಂತಿ ಚುಚ್ಚಿ ಅವನ ಬೆರಳಿನಲ್ಲಿ ಒಂದು ಚುಕ್ಕೆ ರಕ್ತ ಬಂತು. ಅವನು ಗಾಡಿಯನ್ನು ಮೇಜಿನ ಮೇಲಿಟ್ಟು ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡ.

"ಚೆನ್ನಾಗಿದೆ ಅಣ್ಣಾ," ಎಂದ. "ಕಪಾಟಿನಲ್ಲಿ ಇಟ್ಟುಕೋ."

ಮುಂದಿನ ಭಾನುವಾರ ಅವನು ಬರಲಿಲ್ಲ. ನೆಗಡಿ ಎಂದು ಫೋನ್ ಮಾಡಿದ. ಅದರ ಮುಂದಿನ ಭಾನುವಾರವೂ ನೆಗಡಿ.

"ನೆಗಡಿ ಅಲ್ಲ ಅದು," ಎಂದಳು ಅಕ್ಕ. "ಮುಟ್ಟಿದರೆ ಮುರಿಯುತ್ತೆ ಅಂತ ಒಂದು ಸಲ ಅನ್ನಿಸಿಬಿಟ್ಟರೆ ಆಯ್ತು, ಇನ್ನೊಂದು ಸಲ ಕೈ ಚಾಚೋದಿಲ್ಲ. ನೀವು ಕಣ್ಣಿಗೆ ಮಾಡಿದಿರಿ ರೀ, ಅವನಿಗೆ ಮಾಡಲಿಲ್ಲ."

ಮರುದಿನ ಲ್ಯಾಬಿನಲ್ಲಿ ನಾನು ಭಾವನನ್ನು ಕಂಡಾಗ ಒಂದು ಹಲ್ಲಿನ ಸೆಟ್ಟು ವಾಪಸ್ ಬಂದಿತ್ತು. ಎಲ್ಲೋ ಎತ್ತರವಾಗಿದೆ, ಕಚ್ಚಲು ಆಗುತ್ತಿಲ್ಲ ಎಂಬ ದೂರು. ಅಂಥ ಹೊತ್ತಿನಲ್ಲಿ ವೈದ್ಯರು ನೀಲಿ ಬಣ್ಣ ಹಚ್ಚಿದ ತೆಳು ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತಾರೆ. ಎತ್ತರವಿದ್ದಲ್ಲಿ ನೀಲಿ ಚುಕ್ಕೆ ಮೂಡುತ್ತದೆ. ಅಷ್ಟನ್ನೇ ಉಜ್ಜಿದರೆ ಸರಿಹೋಗುತ್ತದೆ. ಭಾವ ಆ ಸೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬಾಯಿಗೆ ಏನು ಬೇಕು ಅಂತ ಬಾಯನ್ನೇ ಕೇಳಬೇಕು. ನಾನು ಕೇಳಲೇ ಇಲ್ಲ," ಎಂದರು.

ಮನೆಗೆ ಬಂದು ಆ ಹಸಿರು ಗಾಡಿಯ ಉಳಿದ ತಂತಿಗಳನ್ನೆಲ್ಲ ಕಿತ್ತರು, ಪೂರ್ತಿ ಬಿಳಿ ಬಣ್ಣ ಹೊಡೆದರು. ಅಕ್ಕ ಬಾಗಿಲಲ್ಲಿ ನಿಂತು "ಅಯ್ಯೋ, ಎರಡು ತಿಂಗಳಿನ ಕೆಲಸ!" ಎಂದದ್ದು ಅವರ ಕಿವಿಗೆ ಬೀಳಲಿಲ್ಲ. ಬಣ್ಣ ಒಣಗಿದ ಮೇಲೆ ಗಾಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮನ ಮನೆಗೇ ಹೋದರು. ನಾನು ಜೊತೆಗಿದ್ದೆ. ಅವನ ಹತ್ತು ಬೆರಳಿಗೂ ನೀಲಿ ಪುಡಿ ಹಚ್ಚಿದರು.

"ಇನ್ನು ಇದು ಮುರಿಯೋ ಪದಾರ್ಥವೇ ಅಲ್ಲ. ಒತ್ತಿ ಹಿಡಿ. ನನಗೆ ಏನೂ ಹೇಳಬೇಡ, ಹುಡುಕು ಅಷ್ಟೇ."

"ಏನನ್ನ ಹುಡುಕಲಿ?"

"ಅದನ್ನ ನೀನೇ ತಿಳಿದುಕೋ."

ಹತ್ತು ನಿಮಿಷದ ಮೇಲೆ ಭಾವ ಗಾಡಿಯನ್ನು ತೆಗೆದುಕೊಂಡು ಕಿಟಕಿಗೆ ಹೋದರು. ಬಂದೂಕಿನ ಗೋಪುರದ ಮೇಲೆ ಒಂದೆರಡು ನೀಲಿ ಗೆರೆ. ಚಕ್ರಗಳ ಮೇಲೆ ಅಷ್ಟಿಷ್ಟು. ಹಿಂಬದಿ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿದಿತ್ತು. ಆದರೆ ಮುಂದೆ ಎಡಗಡೆ, ಡ್ರೈವರ್ ಇಳಿದು ಹತ್ತುವ ಮುಚ್ಚಳದ ಸುತ್ತ, ಶಾಯಿ ಚೆಲ್ಲಿದಂತೆ ದಟ್ಟ ನೀಲಿ. ಮುಚ್ಚಳದ ಅಂಚಿನಲ್ಲಿ ಉಗುರು ತೂರಿಸಿದ ಗುರುತೂ ಇತ್ತು. ಆ ಮುಚ್ಚಳವನ್ನು ಭಾವ ಅಂಟು ಹಾಕಿ ಮುಚ್ಚಿದ್ದರು.

"ಲೋ, ನೀನು ಒಳಗೆ ಹೋಗೋಕೆ ನೋಡ್ತಾ ಇದ್ದೀಯ," ಎಂದರು.

ಡ್ರೈವರ್ ನೀಲಿ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡ. "ಹೌದಲ್ಲ," ಎಂದ ನಿಧಾನವಾಗಿ. "ನಾನು ಅದನ್ನ ಹೊರಗಿಂದ ನೋಡಿದ್ದಾದರೂ ಎಷ್ಟು? ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ. ಮಿಕ್ಕಿದ್ದೆಲ್ಲ ಒಳಗೇ. ಮೂಗಿನ ಮುಂದೆ ಮೂರು ಗಾಜಿನ ಕಿಂಡಿ, ಮೊಣಕಾಲಿಗೆ ತಾಗೋ ಹಾಗೆ ಡಬ್ಬಿ..."

ಮನೆಗೆ ಬರುವ ದಾರಿಯುದ್ದಕ್ಕೂ ಭಾವ ಲೆಕ್ಕ ಹಾಕಿದರು, ಬಂದೊಡನೆ ಅಕ್ಕನಿಗೂ ಒಪ್ಪಿಸಿದರು. ಗಾಡಿಯೊಳಗಿನ ಸ್ವಿಚ್ಚಿನ ಗುಂಡಿಗಳ ನಡುವೆ ಇರುವುದು ಎರಡೂವರೆ ಸೆಂಟಿಮೀಟರು. ಹದಿನಾರರ ಸ್ಕೇಲಿನಲ್ಲಿ ಕಟ್ಟಿದರೂ ಬೆರಳಿಗೆ ಅವು ಅಂಟಿಕೊಂಡೇ ಸಿಗುತ್ತವೆ. ಆರರಲ್ಲಿ ಒಂದಾದರೆ ಬೆರಳಿನ ಎರಡು ಮಿಲಿಮೀಟರು ಅಂದರೆ ಗಾಡಿಯ ಹನ್ನೆರಡು ಮಿಲಿಮೀಟರು, ಪ್ರತಿ ಗುಂಡಿಯೂ ಬೇರೆಯಾಗಿ ಸಿಗುತ್ತದೆ.

"ಆರಾ?" ಎಂದಳು ಅಕ್ಕ. "ಏಳು ಮೀಟರಿನ ಗಾಡಿಗೆ ಆರು ಅಂದರೆ ಮಂಚದಷ್ಟಾಯ್ತಲ್ಲ. ಸರಿ, ಗಾಡಿ ಒಳಗೆ ಮಲಗಲಿ, ನಾವಿಬ್ಬರೂ ಮೆಟ್ಟಿಲ ಮೇಲೆ ಮಲಗೋಣ."

"ಗಾಡಿ ಬೇಡ ಕಣೇ. ಬರೀ ಅವನು ಕೂರುತ್ತಿದ್ದ ಜಾಗ. ಪಾದರಕ್ಷೆಯ ಡಬ್ಬಿಯಷ್ಟು. ಹೊರಗಿನ ಮೈ ಇಲ್ಲ, ಚಕ್ರ ಇಲ್ಲ, ಬಂದೂಕೂ ಇಲ್ಲ."

ಅಂಥ ಕಿಟ್ ಎಲ್ಲೂ ಸಿಗುವುದಿಲ್ಲ. ಭಾವ ಹಲ್ಲಿಗೆ ವಸಡು ಮಾಡುವ ಗುಲಾಬಿ ಅಕ್ರಿಲಿಕ್ಕಿನಲ್ಲೇ ಎಲ್ಲವನ್ನೂ ಎರೆದರು. ಮೊದಲು ಮೇಣದಲ್ಲಿ ರೂಪ, ಆಮೇಲೆ ಪ್ಲಾಸ್ಟರಿನ ಅಚ್ಚು, ಆಮೇಲೆ ಅಕ್ರಿಲಿಕ್. ಬಣ್ಣ ಹಚ್ಚಲಿಲ್ಲ, ಯಾರಿಗೆ ಬೇಕು? ಏನನ್ನೂ ತೆಳುಮಾಡಲಿಲ್ಲ. ಸ್ಟಿಯರಿಂಗ್ ಚಕ್ರವನ್ನು ಇರಬೇಕಾದ್ದಕ್ಕಿಂತ ದಪ್ಪವೇ ಮಾಡಿದರು. ಅಕ್ಕ ನೋಡಿ, "ಗಾಡಿಗೆ ವಸಡು ಬಂತು, ಹಲ್ಲು ಯಾವಾಗ ಬರುತ್ತೆ?" ಎಂದಳು. ಮಾಡುವ ಪ್ರತಿ ಭಾಗವನ್ನೂ ಭಾವ ಫೋಟೊಗಳಿಂದ ಅಳೆದರು. ಆದರೆ ಅಂಟು ಹಾಕಲಿಲ್ಲ, ಮೇಣದಲ್ಲಿ ಮಾತ್ರ ನಿಲ್ಲಿಸಿದರು.

ಡ್ರೈವರ್ ಮೊದಲ ಸಲ ಅದರೊಳಗೆ ಕೈ ಇಳಿಸಿದಾಗ ನಾವು ಮೂವರೂ ಸುತ್ತ ನಿಂತಿದ್ದೆವು. ಬೆರಳು ಆಸನದ ಬೆನ್ನು ಹತ್ತಿತು, ಅಲ್ಲಿಂದ ಮುಂದಕ್ಕೆ ಬಂತು, ಸ್ಟಿಯರಿಂಗ್ ಸುತ್ತಿತು, ಮೂರು ಕಿಂಡಿಗಳನ್ನು ಎಣಿಸಿತು. ಅವನ ಬಲಗಾಲು ನೆಲದ ಮೇಲೆ ತಾನಾಗಿಯೇ ಒತ್ತಿತು.

"ತಪ್ಪು," ಎಂದ.

ಭಾವನ ಮುಖ ಸಣ್ಣದಾಯಿತು. "ಯಾವುದು?"

"ಈ ಗೇರಿನ ಡಬ್ಬಿ. ಇಷ್ಟು ಮುಂದೆ ಇದ್ದಿದ್ದರೆ ನನ್ನ ಮೊಣಕೈ ದಿನಾ ಗೋಡೆಗೆ ಬಡೀತಾ ಇತ್ತು. ಹಿಂದಕ್ಕೆ ತಗೋ. ಇನ್ನೂ. ಹಾಂ, ಇಲ್ಲಿ. ಇಲ್ಲೇ ಅಣ್ಣಾ!" ಅವನ ದನಿ ಏರಿತ್ತು. "ಇದರ ಮೂಲೆ ಚೂಪಾಗಿತ್ತು. ನನ್ನ ಪ್ಯಾಂಟು ಯಾವಾಗಲೂ ಇಲ್ಲೇ ಹರೀತಾ ಇದ್ದಿದ್ದು."

ಮೂರು ಮಿಲಿಮೀಟರ್ ಹಿಂದಕ್ಕೆ. ನಿಜವಾದ ಗಾಡಿಯಲ್ಲಿ ಹದಿನೆಂಟು. ಭಾವ ಮೇಣ ಬಿಸಿಮಾಡಿ ಅದನ್ನು ಅಲ್ಲಿಗೇ ಸರಿಸಿದರು, ಮೂಲೆಯನ್ನು ಅರದಿಂದ ಚೂಪು ಮಾಡಿದರು. ಆ ದಿನ ಅವನು ಏಳು ತಪ್ಪು ಹುಡುಕಿದ. ಒಂದೊಂದು ತಪ್ಪಿಗೂ ಒಂದೊಂದು ಕಥೆ ಹೊರಬಿತ್ತು. ಕಣ್ಣು ಹೋದ ಮೇಲೆ ಅವನು ಇಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ.

ಬಲಗೋಡೆಯ ಕೆಳಗಿನ ಒಂದು ತುಣುಕಿನ ಬಳಿ ಮಾತ್ರ ಬೆರಳು ನಿಂತಿತು. ಅಲ್ಲಿ ಭಾವ ಬೆಂಕಿ ಆರಿಸುವ ಸಿಲಿಂಡರ್ ಇಟ್ಟಿದ್ದರು. ಎಲ್ಲ ಫೋಟೊಗಳಲ್ಲೂ ಅಲ್ಲಿ ಅದೇ ಇದೆ.

"ಇಲ್ಲಿ ಇದಲ್ಲ," ಎಂದ. "ಬೇರೆ ಏನೋ ಇತ್ತು. ಏನೋ ಗೊತ್ತಾಗ್ತಾ ಇಲ್ಲ." ಹಣೆ ಉಜ್ಜಿಕೊಂಡ. "ತೆಗೆದುಬಿಡು. ಖಾಲಿ ಇರಲಿ."

ಅವನು ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು: "ಫೋಟೊದಲ್ಲಿ ಇದೆಯಲ್ಲ ರೀ. ಇದೇ ಸರಿ ಅಂತ ಹೇಳಬಾರದಿತ್ತಾ? ಪಾಪ, ಒದ್ದಾಡ್ತಾ ಇದ್ದ."

"ಫೋಟೊ ಯಾವುದೋ ಗಾಡಿದು. ಅವನು ಓಡಿಸಿದ್ದು ಅವನ ಗಾಡಿ," ಎಂದು ಭಾವ ಸಿಲಿಂಡರನ್ನು ಬಿಡಿಸಿ ಡ್ರಾಯರಿನಲ್ಲಿ ಹಾಕಿದರು. ಆದರೂ ಆ ವಾರವೆಲ್ಲ ಅವರಿಗೆ ನೆಮ್ಮದಿ ಇರಲಿಲ್ಲ. ಮರೆವು ನಿಜಕ್ಕೂ ಅಷ್ಟು ದೂರ ಬಂದಿದ್ದರೆ ತಾವು ಮಾಡಿದ್ದು ಅವನಿಗೆ ಅದನ್ನೇ ಬೆರಳಿಟ್ಟು ತೋರಿಸಿದಂತಾಯಿತಲ್ಲ ಎಂದು ನನ್ನಲ್ಲಿ ಒಂದು ಸಲ ಹೇಳಿಕೊಂಡರು.

ಗುರುವಾರ ಮಧ್ಯಾಹ್ನ ಲ್ಯಾಬಿನ ಫೋನ್ ಬಡಿಯಿತು. ಸಾಣೆ ಮೋಟಾರಿನ ಸದ್ದಿನಲ್ಲೂ ಅತ್ತ ಕಡೆಯ ದನಿ ನನಗೆ ಕೇಳಿಸುತ್ತಿತ್ತು.

"ಅಣ್ಣಾ, ನೀರಿನ ಕ್ಯಾನು! ಸಿಲಿಂಡರ್ ಸೋರಿತು ಅಂತ ತೆಗೆಸಿಬಿಟ್ಟಿದ್ದರು. ಆ ಜಾಗದಲ್ಲಿ ನಾನೇ ಕ್ಯಾನು ಇಟ್ಟು ಹಳೇ ಬೆಲ್ಟಿನಲ್ಲಿ ಕಟ್ಟಿದ್ದೆ. ತಿರುವಿನಲ್ಲಿ ಗುಳುಗುಳು ಅಂತಿತ್ತು. ಇಲ್ಲಿ ಆಸ್ಪತ್ರೆಯಲ್ಲಿ ಯಾರೋ ಕ್ಯಾನು ಹೊತ್ತುಕೊಂಡು ಹೋದರು ನೋಡು, ಆ ಸದ್ದು ಕೇಳಿದ್ದೇ ತಡ..."

"ಎಷ್ಟು ಲೀಟರಿನದು?" ಎಂದರು ಭಾವ.

"ಐದು."

"ಮುಚ್ಚಳ ಯಾವ ಕಡೆಗೆ?"

"ನನ್ನ ಕಡೆಗೆ. ಬಲಗೈ ಚಾಚಿದರೆ ಸಿಗೋ ಹಾಗೆ."

ಭಾವ ಲಕೋಟೆಗಾಗಿ ಮೇಜು ತಡಕಿದರು, ಸಿಗಲಿಲ್ಲ. ಪ್ಲಾಸ್ಟರಿನ ಪುಡಿ ಕೂತಿದ್ದ ಮೇಜಿನ ಮೇಲೆಯೇ ಬೆರಳಿನಿಂದ ಬರೆದುಕೊಂಡರು: ಮೂವತ್ತು ಸೆಂಟಿಮೀಟರ್ ಎತ್ತರ, ಆರರಲ್ಲಿ ಒಂದು, ಐವತ್ತು ಮಿಲಿಮೀಟರ್. ಆಮೇಲೆ ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಪಕ್ಕಕ್ಕಿಟ್ಟು ಮೇಣ ಕರಗಿಸುವ ದೀಪ ಹಚ್ಚಿದರು.