ಮ್ಯಾಟ್ ಹಾಸಿದವರ ಮೇಲೆ ಎಗರಿದ್ದು

ಎರಡು ವಾರದ ಹಿಂದೆ, ಶನಿವಾರ ಬೆಳಗ್ಗೆ ಹತ್ತೂಕಾಲಿಗೆ, ನಾನು ಒಂದು ಐಸ್ ಬಾಕ್ಸಿಗೆ ಬ್ಯಾಟಿನಿಂದ ಬಾರಿಸಿದೆ. ಮುಚ್ಚಳ ಹಾರಿತು. ನೀರಿನ ಬಾಟಲಿಗಳು ಹುಲ್ಲಿನ ಮೇಲೆ ಉರುಳಿದವು. ಅವನ್ನು ಹೆಕ್ಕಲು ಬಗ್ಗಿದವರಿಗೆ ಅರವತ್ತೈದು ವರ್ಷ.

ಹೌದು, ನಾನೇ. ಟಿವಿಯಲ್ಲಿ ಯಾವನೋ ಟೆನಿಸ್ ಆಟಗಾರ ಟವೆಲ್ ತಂದುಕೊಟ್ಟವರ ಮೇಲೆ ಕೂಗಾಡಿದಾಗ "ಆಟ ಕಲಿತರೆ ಸಾಕೇ, ನಡತೆ ಬೇಡವೇ?" ಎಂದು ಇದೇ ಅಂಕಣದಲ್ಲಿ ಉಪದೇಶ ಮಾಡಿದ್ದವನು. "ಸರಿಯಾಗಿ ಜಾಡಿಸಿದ್ದೀರಿ" ಎಂದು ನಿಮ್ಮಲ್ಲಿ ಕೆಲವರು ಮೇಲ್ ಕೂಡ ಮಾಡಿದ್ದಿರಿ. (ದಯವಿಟ್ಟು ಡಿಲೀಟ್ ಮಾಡಿಬಿಡಿ.)

ಅಮೆರಿಕದ ಟೆಕ್ಸಸ್ಸಿನಲ್ಲಿ, ನಮ್ಮ ಫ್ರಿಸ್ಕೋ ಕಡೆಯ ವೀಕೆಂಡ್ ಕ್ರಿಕೆಟ್ ಗೊತ್ತಿಲ್ಲದವರಿಗೆ ಎರಡು ಮಾತು. ವಾರವಿಡೀ ಮ್ಯಾನೇಜರ್ ಹೇಳಿದ್ದಕ್ಕೆಲ್ಲ "ಶ್ಯೂರ್, ಶ್ಯೂರ್" ಎನ್ನುವ ನಾವು ಶನಿವಾರ ಜೆರ್ಸಿ ತೊಟ್ಟ ಕೂಡಲೇ ಹುಲಿಗಳಾಗುತ್ತೇವೆ. ಬೆನ್ನ ಮೇಲೆ ಹೆಸರು, ನಂಬರು. ಮಂಡಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು. ನನಗೀಗ ನಲವತ್ತನಾಲ್ಕು. ಓಪನಿಂಗ್ ಬ್ಯಾಟ್ಸ್‌ಮನ್, ಮೇಲಾಗಿ ಕ್ಯಾಪ್ಟನ್. ನಮ್ಮ ಪಿಚ್ ಅಂದರೆ ಸಿಮೆಂಟಿನ ಹಾಸು. ಅದರ ಮೇಲೆ ನಾರಿನ ಮ್ಯಾಟ್ ಬಿಚ್ಚಿ, ಬಿಗಿಯಾಗಿ ಎಳೆದು, ಅಂಚಿನುದ್ದಕ್ಕೂ ಮೊಳೆ ಹೊಡೆಯಬೇಕು.

ಆ ಕೆಲಸ ವೀರಭದ್ರಪ್ಪ ಅಂಕಲ್ ಅವರದು. ಗದಗದ ಕಡೆಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಈಗ ಹೆಂಡತಿಯ ಜೊತೆ ಪಕ್ಕದೂರು ಪ್ರಾಸ್ಪರ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಐದು ವರ್ಷದ ಹಿಂದೆ ಸುಮ್ಮನೆ ಮ್ಯಾಚ್ ನೋಡಲು ಬಂದವರು, ನಾವು ಮ್ಯಾಟನ್ನು ಸೊಟ್ಟಗೆ ಹಾಸುವುದನ್ನು ನೋಡಲಾರದೆ ಸುತ್ತಿಗೆ ಕಿತ್ತುಕೊಂಡರು. ನಾವೂ ಬಿಟ್ಟುಕೊಟ್ಟೆವು, ಖುಷಿಯಿಂದ. ಅಂದಿನಿಂದ ಆರೂವರೆಗೆ ಬಂದು ಮ್ಯಾಟ್, ಸ್ಟಂಪ್ಸ್, ಬೌಂಡರಿಯ ಕೋನುಗಳು, ಐಸ್ ಬಾಕ್ಸ್ ಎಲ್ಲವನ್ನೂ ಸಿದ್ಧ ಮಾಡಿಡುತ್ತಾರೆ. ನಾವು? ಎಂಟಕ್ಕೆ, ಟಾಸ್ ಹೊತ್ತಿಗೆ ಸರಿಯಾಗಿ, ಕಾಫಿ ಕಪ್ ಹಿಡಿದು ಕಾರಿನಿಂದ ಇಳಿಯುತ್ತೇವೆ. ಮ್ಯಾಟಿನ ಇನ್ನೊಂದು ತುದಿಯನ್ನು ನಮ್ಮಲ್ಲಿ ಯಾರಾದರೂ ಹಿಡಿದದ್ದು ನನಗೆ ನೆನಪಿಲ್ಲ.

ಅಂದು ಸೆಮಿಫೈನಲ್. ನಮ್ಮದು ಎರಡನೇ ಬ್ಯಾಟಿಂಗ್. ಎರಡನೇ ಓವರಿನಲ್ಲಿ ಚೆಂಡು ಮ್ಯಾಟಿನ ಮಡಿಕೆಯೊಂದಕ್ಕೆ ತಾಗಿ, ಪುಟಿಯದೆ, ತೆವಳಿಕೊಂಡೇ ಬಂದು ನನ್ನ ಮಿಡ್ಲ್ ಸ್ಟಂಪ್ ಹಾರಿಸಿತು. ಪೆವಿಲಿಯನ್ (ಎಂದರೆ ಒಂದು ನೀಲಿ ಟೆಂಟು) ತಲುಪುವಷ್ಟರಲ್ಲಿ ಪಿತ್ತ ನೆತ್ತಿಗೇರಿತ್ತು.

"ಅಂಕಲ್, ಒಂದ್ ಮ್ಯಾಟ್ ನೆಟ್ಟಗೆ ಹಾಸಕ್ಕೆ ಬರಲ್ವಾ? ಏನ್ ಮಾಡ್ತಿರ್ತೀರಾ ಬೆಳಗ್ಗೆಯಿಂದ? ಆಗಲ್ಲ ಅಂದ್ರೆ ಮನೇಲಿರಿ. ನಿಮ್ಮನ್ನ ಬನ್ನಿ ಅಂತ ಕರೆದೋರು ಯಾರು?"

ಆಮೇಲೆ ಆ ಬ್ಯಾಟು, ಆ ಐಸ್ ಬಾಕ್ಸು. ಎರಡೂ ಟೀಮಿನವರು ನೋಡಿದರು. ಕನ್ನಡ ಬಾರದ ತೆಲುಗರಿಗೂ ಗುಜರಾತಿಗಳಿಗೂ ಏನಾಯಿತೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ತಪ್ಪಾತ್ರೀ ಸರ" ಎಂದರು ಅಂಕಲ್. ಅಷ್ಟೇ. ಬಾಟಲಿಗಳನ್ನು ಹೆಕ್ಕಿಟ್ಟರು. ಓವರ್ ಮುಗಿಯುವುದನ್ನೇ ಕಾದು ಸುತ್ತಿಗೆ ಹಿಡಿದು ಪಿಚ್ಚಿಗೆ ಓಡಿದರು. ಟೆಕ್ಸಸ್ಸಿನ ಬಿಸಿಲಲ್ಲಿ ಮಂಡಿಯೂರಿ ಮ್ಯಾಟ್ ಎಳೆದು ಬಿಗಿ ಮಾಡಿದರು. ಅಂದಹಾಗೆ, ಮ್ಯಾಚ್ ನಾವೇ ಗೆದ್ದೆವು. ಅವರು ಬಿಗಿ ಮಾಡಿಕೊಟ್ಟ ಮ್ಯಾಟಿನ ಮೇಲೆ.

ಇನ್ನು ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ನಮ್ಮ ಲೀಗಿನಲ್ಲಿ ಒಂದು ನಿಯಮವಿದೆ. ಟಾಸ್‌ಗೆ ಮುಂಚೆ ಹೋಮ್ ಟೀಮಿನ ಕ್ಯಾಪ್ಟನ್ ಮ್ಯಾಟಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಮೊಳೆಗಳನ್ನು ನೋಡಿ, ಆ್ಯಪ್‌ನಲ್ಲಿ 'ಪಿಚ್ ಓಕೆ' ಎಂದು ಒತ್ತಬೇಕು. ಅಂದು ಹೋಮ್ ಟೀಮ್ ನಮ್ಮದೇ. ಏಳೂಕಾಲಿಗೆ ಅಂಕಲ್ ಫೋನ್ ಮಾಡಿದ್ದರು.

"ಸರ, ನಡುವ ಮ್ಯಾಟ್ ಎದ್ದೈತ್ರಿ. ಹಳೇ ಮೊಳಿ ಹಿಡೀವಲ್ದು. ಬರೂ ಮುಂದ ನಾಕು ಉದ್ದನ್ನ ಮೊಳಿ ತರ್ರಿ. ನೀವೂ ಒಮ್ಮೆ ನಿಂತು ನೋಡ್ರಿ."

ನಾನು ಕಾಫಿಗಾಗಿ ಡ್ರೈವ್-ಥ್ರೂ ಸಾಲಿನಲ್ಲಿದ್ದೆ. ಮೊಳೆ ಸಿಗುವ ಅಂಗಡಿ ಎದುರಿಗೇ ಕಾಣುತ್ತಿತ್ತು. "ಏನಾಗಲ್ಲ ಅಂಕಲ್, ಅಡ್ಜಸ್ಟ್ ಮಾಡಿ" ಎಂದೆ. ಕಾಫಿ ಕೈಗೆ ಬರುವುದರೊಳಗೆ, ಅಲ್ಲೇ ಕಾರಿನಲ್ಲಿ ಕೂತು, 'ಪಿಚ್ ಓಕೆ' ಒತ್ತಿದೆ.

ಬಯ್ಯುವಾಗ ಇದು ಮರೆತುಹೋಗಿತ್ತೇ? ಇಲ್ಲ. ಚೆನ್ನಾಗಿ ನೆನಪಿತ್ತು. ದನಿ ಅಷ್ಟು ಏರಿದ್ದೇ ಅದಕ್ಕೆ. "ನಾ ಫೋನ್ ಮಾಡಿದ್ನಲ್ರಿ" ಎಂದು ಅಂಕಲ್ ಒಂದೇ ಒಂದು ಮಾತು ಆಡಿದ್ದರೆ ನನ್ನ ಮಾನ ಅಲ್ಲೇ ಹರಾಜಾಗುತ್ತಿತ್ತು. ಅವರು ಆಡಲಿಲ್ಲ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಕೋಪ ಬಂದರೆ ಕಣ್ಣು ಕಾಣುವುದಿಲ್ಲ ಅನ್ನುತ್ತಾರಲ್ಲ, ಶುದ್ಧ ಸುಳ್ಳು. ಅಂಪೈರ್ ಮೇಲೆ ಎಗರಿದರೆ ಬ್ಯಾನ್ ಆಗುತ್ತದೆ. ಬೌಲರ್ ಮೇಲೆ ಎಗರಿದರೆ ಅವನೂ ಎಗರುತ್ತಾನೆ. ಸೋಮವಾರ ಮ್ಯಾನೇಜರ್ ಮೇಲೆ ಎಗರಲು ನನ್ನ ವೀಸಾ ಬಿಡುವುದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಗಾದೆ ಮಾಡಿದವರಿಗೆ ನನ್ನಂಥವರು ಗೊತ್ತಿದ್ದರು. ತಿರುಗಿ ಬಯ್ಯದವರು ಎಲ್ಲಿದ್ದಾರೆಂದು ಹುಡುಕಿಕೊಂಡೇ ನನ್ನ ಸಿಟ್ಟು ಹೋಗಿತ್ತು.

ಭಾನುವಾರ ಸ್ವೀಟ್ ಬಾಕ್ಸ್ ಹಿಡಿದು ಪ್ರಾಸ್ಪರ್‌ಗೆ ಹೋದೆ. ಅಡುಗೆಮನೆಯ ಟೇಬಲ್ ಮುಂದೆ ಕೂರಿಸಿ ಆಂಟಿ ಚಹಾ ಕೊಟ್ಟರು. "ತಪ್ಪಾಯ್ತು ಅಂಕಲ್" ಎಂದೆ. "ಬಿಡ್ರಿ ಸರ, ಆಟದಾಗ ಇದೆಲ್ಲಾ ಇರೂದ" ಎಂದು ಅವರು ಕಿಟಕಿಯ ಕಡೆ ನೋಡಿದರು. ನನಗೋ ಎದೆ ಹಗುರವಾಯಿತು. ಎಷ್ಟು ಸಲೀಸು!

ಆಂಟಿ ಸಕ್ಕರೆ ಡಬ್ಬಿ ಮುಚ್ಚುತ್ತ ಹೇಳಿದರು: "ನಿನ್ನೆ ಮನೀಗೆ ಬಂದು ಊಟಾನ ಮಾಡ್ಲಿಲ್ರಿ ಇವ್ರು. ಇನ್ನ ಮೈದಾನಕ್ಕ ಹೋಗೂದಿಲ್ಲ ಅಂತ ಸುತ್ತಿಗಿ ಗ್ಯಾರೇಜಿನ್ಯಾಗ ಒಗದಾರ. ಅಲ್ರೀ, ಬೈದದ್ದು ಅಷ್ಟು ಮಂದಿ ಮುಂದ. ತಪ್ಪಾತು ಅನ್ನೂದು ನಮ್ಮ ಅಡಿಗಿಮನ್ಯಾಗೇನು?"

"ಸುಮ್ಮನಿರು ನೀ" ಎಂದರು ಅಂಕಲ್. ನಾನು ಅರ್ಧ ಚಹಾ ಬಿಟ್ಟು ಎದ್ದೆ.

ಹೋದ ಶನಿವಾರ ಫೈನಲ್. ಅಂಕಲ್ ಬರುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲೇ ಏಳಕ್ಕೆ ಹೋದೆ. ಬಂದಿದ್ದರು. ಉದ್ದನೆಯ ಮೊಳೆಗಳನ್ನೂ ಅವರೇ ತಂದಿದ್ದರು. "ಫೈನಲ್ ಐತಲ್ರಿ" ಎಂದರು, ನನ್ನ ಮುಖ ನೋಡದೆ.

ಎಂಟಕ್ಕೆ ಎರಡೂ ಟೀಮುಗಳನ್ನು ಟೆಂಟಿನ ಹತ್ತಿರ ಸೇರಿಸಿದೆ. "ಬನ್ನಿ ಅಂಕಲ್" ಎಂದು ಕೂಗಿದೆ. "ಎರಡ ಮೊಳಿ ಉಳದಾವ್ರಿ, ನೀವು ಮಾತಾಡ್ರಿ" ಎಂದು ಪಿಚ್ಚಿನಿಂದಲೇ ಕೈಯಾಡಿಸಿದರು. ನಾನು ಶುರು ಮಾಡಿಬಿಟ್ಟೆ. ಎಲ್ಲವನ್ನೂ ಹೇಳಿದೆ. ಫೋನ್ ಬಂದದ್ದು, ಕಾಫಿ ಸಾಲು, ನೋಡದೆ ಓಕೆ ಒತ್ತಿದ್ದು, ತಪ್ಪು ನನ್ನದೆಂದು ಗೊತ್ತಿದ್ದೂ ಬಯ್ದದ್ದು.

ಆಮೇಲೆ ಚಪ್ಪಾಳೆ ಬಿತ್ತು. ಜೋರಾಗಿ. ನನಗೆ! "ರೆಸ್ಪೆಕ್ಟ್, ಬ್ರೋ" ಎಂದು ಒಬ್ಬ ಬೆನ್ನು ತಟ್ಟಿದ. "ಏನ್ ದೊಡ್ಡ ಮನಸ್ಸು ಕ್ಯಾಪ್ಟನ್ ನಿಮ್ದು" ಎಂದ ಇನ್ನೊಬ್ಬ. ಯಾರೋ ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರು. ಹಾರ್ಟುಗಳ ಮಳೆ. ಫೋಟೋದಲ್ಲಿ ನಾನಿದ್ದೇನೆ, ನನ್ನ ಟೀಮಿದೆ. ಅಂಕಲ್ ಇಲ್ಲ. ಅವರು ಪಿಚ್ಚಿನ ಆ ತುದಿಯಲ್ಲಿ ಒಬ್ಬರೇ ಬಗ್ಗಿ ಮೊಳೆ ಹೊಡೆಯುತ್ತಿದ್ದರು.

ತಪ್ಪು ಒಪ್ಪಿಕೊಂಡಿದ್ದಕ್ಕೇ ನನಗೆ ಇಷ್ಟು ಚಪ್ಪಾಳೆ. ಐದು ವರ್ಷ ಮ್ಯಾಟ್ ಹಾಸಿದವರಿಗೆ ನಮ್ಮಲ್ಲಿ ಒಬ್ಬನಾದರೂ ಒಮ್ಮೆ ಕೈ ತಟ್ಟಿದ್ದುಂಟಾ?