ಅಳ್ನಾವರ ದಾಟಿದರೆ ಪರದೇಶ

ನಾಲ್ಕು ಜನ ಸೇರಿದಲ್ಲಿ ಪರದೇಶದ ಮಾತು ಬಂದರೆ ನಾನೂ ಸ್ವಲ್ಪ ನೆಟ್ಟಗೆ ಕೂಡುತ್ತೇನೆ. ಒಬ್ಬರು ಲಂಡನ್ನಿನ ಚಳಿಯನ್ನು ವರ್ಣಿಸುತ್ತಾರೆ, ಇನ್ನೊಬ್ಬರು ವಿಮಾನದಲ್ಲಿ ಕೊಟ್ಟ ಸಪ್ಪೆ ಊಟವನ್ನು. ನನ್ನ ಸರದಿ ಬಂದಾಗ, ‘ಕಾನೂನು ಕಾಲೇಜಿನ ವಿದ್ಯಾರ್ಥಿಗಳನ್ನು ಅಭ್ಯಾಸಕ್ಕೆಂದು ಪರದೇಶಕ್ಕೆ ಕರೆದೊಯ್ದಿದ್ದೆ’ ಎನ್ನುತ್ತೇನೆ. ‘ಯಾವ ದೇಶ?’ ಎಂದು ಯಾರಾದರೂ ಕೇಳುವ ತನಕ ನನ್ನ ಘನತೆಗೆ ಏನೂ ಧಕ್ಕೆಯಿಲ್ಲ. ಕೇಳಿದ ಮೇಲೆ ಗೋವಾ ಎಂದು ಹೇಳಲೇಬೇಕಾಗುತ್ತದೆ. ಎಲ್ಲರೂ ನಗುತ್ತಾರೆ. ನಗಲಿ ಬಿಡಿ, ನಿಮಗೆ ಪೂರ್ತಿ ಕಥೆ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ಆಗ ನಾನು ಕುಂದಗೋಳದಲ್ಲಿ ವಕೀಲಿ ಮಾಡಿಕೊಂಡು, ಮುಂಜಾನೆ ಹೊತ್ತು ಹುಬ್ಬಳ್ಳಿಯ ಒಂದು ಕಾನೂನು ಕಾಲೇಜಿನಲ್ಲಿ ಹಿಂದೂ ಕಾಯ್ದೆಯ ಪಾಠ ಹೇಳುತ್ತಿದ್ದೆ. ಮುಂಬೈಯ ಯಾವುದೋ ಕಾಲೇಜಿನವರು ತಮ್ಮ ವಿದ್ಯಾರ್ಥಿಗಳನ್ನು ವಿಲಾಯತಿಗೆ ಕಳಿಸಿದ ಸುದ್ದಿ ನಮ್ಮ ಪ್ರಾಚಾರ್ಯರ ಕಿವಿಗೆ ಬಿತ್ತು. ನನ್ನನ್ನು ಕರೆದು, “ನಮ್ಮ ಹುಡುಗ್ರೇನು ಕಡಿಮಿ ಅದಾರೇನ್ರಿ? ನೀವೂ ಒಂದು ಯೋಜನಾ ಹಾಕ್ರಿ” ಎಂದರು. ನಮ್ಮ ಹುಡುಗರು ಯಾವುದರಲ್ಲೂ ಕಡಿಮೆ ಇರಲಿಲ್ಲ, ಕಾಲೇಜಿನ ತಿಜೋರಿಯಲ್ಲಿ ಹಣವಷ್ಟೇ ಕಡಿಮೆ ಇತ್ತು. ಭೂಪಟ ಹಾಸಿಕೊಂಡು ಕೂತೆ. ಲಂಡನ್ನಿನಿಂದ ಹೊರಟ ನನ್ನ ಬೆರಳು ಖರ್ಚು ನೆನಪಾದಂತೆಲ್ಲ ಹಿಂದೆ ಸರಿಯುತ್ತ, ಕೈರೋ, ಏಡನ್, ಕೊಲಂಬೊ ಎಲ್ಲ ಮುಗಿಸಿ, ಕೊನೆಗೆ ಗೋವಾದ ಮೇಲೆ ಬಂದು ನಿಂತಿತು. ಅಲ್ಲಿ ನಿಂತ ಮೇಲೆ ನನಗೇ ಖುಷಿಯಾಯಿತು. ಪೋರ್ಚುಗೀಸರು ಹಡಗು ಹತ್ತಿ ಹೋಗಿದ್ದರೂ ಮದುವೆ, ಆಸ್ತಿ, ವಾರಸಿಕೆಗಳ ಅವರ ಕಾಯ್ದೆ ಅಲ್ಲಿಯೇ ಉಳಿದಿತ್ತು. ಪಾಸ್‌ಪೋರ್ಟ್ ಬೇಡ, ಹಡಗು ಬೇಡ, ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಬೇರೆಯೇ ಕಾಯ್ದೆಯ ನಾಡಿನಲ್ಲಿ ಇಳಿಯಬಹುದು. ಇದಕ್ಕಿಂತ ಹೆಚ್ಚಿನ ಪರದೇಶ ಕಾನೂನು ವಿದ್ಯಾರ್ಥಿಗೆ ಏಕೆ ಬೇಕು?

ಅಲ್ಲದೆ ಪರದೇಶ ನಮ್ಮ ಕಡೆಯವರಿಗೆ ಹೊಸತೇನೂ ಅಲ್ಲ. ನಮ್ಮ ಕುಂದಗೋಳ ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಸುತ್ತಲಿನ ಊರುಗಳು ಇಂಗ್ರೇಜಿ ಸರಕಾರಕ್ಕೆ. ನಮ್ಮಜ್ಜ ಬೆಳಿಗ್ಗೆ ಸಂಸ್ಥಾನದಲ್ಲಿ ಎದ್ದು, ಮಧ್ಯಾಹ್ನ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಎತ್ತಿನ ವ್ಯಾಪಾರ ಮುಗಿಸಿ, ಸಂಜೆಗೆ ಸ್ವದೇಶಕ್ಕೆ ಮರಳುತ್ತಿದ್ದ. ಜಗಳ ಮಾಡಿದವರು ಹೊಲದ ಬದು ಜಿಗಿದು ಆಚೆ ನಿಂತರೆ ಈಚೆಯ ಪೊಲೀಸಪ್ಪ ಬೈಯುವುದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲವಂತೆ. ಸರಹದ್ದಿನ ಆಚೆ ಕಾಯ್ದೆ ಬೇರೆ ಎಂಬ ತತ್ವವನ್ನು ನಮ್ಮವರು ಯಾವ ಪುಸ್ತಕವನ್ನೂ ಓದದೆ, ಓಡಿಯೇ ಕಲಿತಿದ್ದರು. ಇಂಥ ಪರಂಪರೆಯವನಾದ ನಾನು ಉತ್ಸಾಹದಿಂದ ಯೋಜನೆ ಸಿದ್ಧಪಡಿಸಿದೆ: ಒಂದು ವಾರ, ಮಡಗಾಂವದಲ್ಲಿ ವಸತಿ, ಕೋರ್ಟು, ನೋಂದಣಿ ಕಚೇರಿ, ಹಳ್ಳಿಗಳ ಭೇಟಿ.

ಪ್ರಾಚಾರ್ಯರು ಎಲ್ಲಕ್ಕೂ ಒಪ್ಪಿದರು, ಒಂದನ್ನು ಬಿಟ್ಟು. ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ನೀಲಾಳನ್ನು ಬಿಟ್ಟುಹೋಗಬೇಕಂತೆ. “ಹೆಣ್ಣ ಹುಡುಗೀರಿ. ಸುಮ್ಮನ ಜವಾಬ್ದಾರಿ ಯಾಕ?” ಎಂದರು. ನನಗೆ ಸಿಟ್ಟು ಬಂತು. ಹೆಣ್ಣಿನ ಆಸ್ತಿಹಕ್ಕನ್ನು ನೋಡಲು ಹೊರಟವರು ಹೆಣ್ಣುಮಗಳನ್ನೇ ಮನೆಯಲ್ಲಿ ಬಿಟ್ಟು ಹೋಗುವುದೆಂದರೇನು? ಮೇಲಾಗಿ, ಅಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಅಭ್ಯಾಸ ಮಾಡಿಟ್ಟುಕೊಂಡವಳು ಅವಳೊಬ್ಬಳೇ. ಉಳಿದವರ ಅಭ್ಯಾಸವೆಲ್ಲ ಸಮುದ್ರದಲ್ಲಿ ಈಜುವುದರ ಬಗ್ಗೆ ನಡೆದಿತ್ತು. ನೀಲಾ ಬಾರದಿದ್ದರೆ ಯಾರೂ ಹೋಗುವುದು ಬೇಡ ಎಂದುಬಿಟ್ಟೆ. ಪ್ರಾಚಾರ್ಯರು, “ಹಂಗಾರ ಅವರಪ್ಪನ್ನ ಒಪ್ಪಿಸ್ರಿ” ಎಂದು ಕೈತೊಳೆದುಕೊಂಡರು.

ನೀಲಾಳ ತಂದೆ ಬಸನಗೌಡರು ಕುಂದಗೋಳದ ಆಚೆಯ ಹಳ್ಳಿ ಯರಗುಪ್ಪಿಯವರು. ಕರಿಮಣ್ಣಿನ ಎರೆಹೊಲದ ದೊಡ್ಡ ಒಕ್ಕಲುತನ, ಇಬ್ಬರು ಗಂಡುಮಕ್ಕಳು, ಇವಳೊಬ್ಬಳು ಮಗಳು. ಊರಿನವರು ಆಡಿಕೊಂಡರೂ ಮಗಳನ್ನು ಕಾನೂನು ಓದಲು ಹಾಕಿದ ಧೈರ್ಯಸ್ಥರು. ಆದರೆ ನಾನು ಅವರ ಮನೆಗೆ ಹೋಗಿ ಗೋವಾ ಎನ್ನುತ್ತಲೇ ಆ ಧೈರ್ಯ ಉಡುಗಿತು.

“ಅಲ್ಲೆ ಮಂದಿ ಮೀನ ತಿಂದು ಸೆರೆ ಕುಡದು ಕುಂತಿರತಾರಂತ್ರಿ. ಅಂಥಲ್ಲೆ ಎಂಥಾ ಕಾಯ್ದೆ ಕಲೀತಾಳರಿ ಈಕಿ?”

ನಾನು ವಿವರಿಸಿದೆ. ಅಲ್ಲಿ ಲಗ್ನವಾದೊಡನೆ ಸಾಮಾನ್ಯವಾಗಿ ಆಸ್ತಿಯ ಅರ್ಧ ಹೆಂಡತಿಯದು. ಅವಳು ಒಪ್ಪದೆ ಗಂಡ ಹೊಲ ಮಾರುವಂತಿಲ್ಲ. ನಮ್ಮಲ್ಲಿ ಮನೆತನದ ಹೊಲದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು, ಮಗಳಿಗೆ ಹಾಗಿಲ್ಲ. ಅಲ್ಲಿ ಮಕ್ಕಳೆಲ್ಲ ಸಮ. ಗೌಡರು ಮೈ ಕುಲುಕುವಂತೆ ನಕ್ಕರು.

“ಹೆಣ್ತಿನ್ನ ಕೇಳಿ ಹೊಲಾ ಮಾರೂದಾ? ಆ ದೇಶದಾಗ ಗಂಡಸರು ಹೆಂಗ ಬಾಳೇ ಮಾಡ್ತಾರ್ರಿ?”

ಚಹಾ ತಂದ ಅವರ ಹೆಂಡತಿ ಗಂಗವ್ವ ಬಾಗಿಲಲ್ಲೇ ನಿಂತು, “ಅದನ್ನ ನೋಡಾಕಾರ ಹೋಗ್ಲಿ ಬಿಡ್ರಿ. ಓದಾಕ ಹಾಕಿ ನಡುವ ಹಿಡದ್ರ ಹೆಂಗ?” ಎಂದರು. ಗೌಡರು ಬಹಳ ಹೊತ್ತು ಮೀಸೆ ತೀಡಿದರು. ನೀಲಾ ಒಳಗಿನಿಂದ ಉಸಿರು ಬಿಗಿಹಿಡಿದು ಕೇಳುತ್ತಿದ್ದಳೆಂದು ನನಗೆ ಗೊತ್ತಿತ್ತು, ಏಕೆಂದರೆ ನಾನೂ ಹಾಗೆಯೇ ಕೂತಿದ್ದೆ.

“ಹಂಗಾರ ನಾನೂ ಬರ್ತೀನಿ” ಎಂದರು ಗೌಡರು.

ಹೀಗೆ ನಮ್ಮ ತಂಡಕ್ಕೆ ರುಮಾಲು ಸುತ್ತಿದ ಹಿರಿಯ ವಿದ್ಯಾರ್ಥಿಯೊಬ್ಬರು ಸೇರಿದರು. ಪರದೇಶದ ನೀರು ಸೋಕದಂತೆ ವಾರಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಅವರ ಜೊತೆಗಿತ್ತು. ಅಳ್ನಾವರ ದಾಟಿ ಕಾಡು ಶುರುವಾದಾಗ ಕಿಟಕಿಯಿಂದ ಕೆಂಪು ಮಣ್ಣನ್ನು ನೋಡಿ, “ಎರಿ ಮುಗೀತು. ಇಲ್ಲಿಗೆ ನಮ್ಮ ದೇಶ ಮುಗೀತ್ರಿ” ಎಂದು ಘೋಷಿಸಿದರು. ನಾನು ಭೂಪಟದಲ್ಲಿ ಹುಡುಕಿದ್ದ ಗಡಿಯನ್ನು ಅವರು ಮಣ್ಣಿನಲ್ಲೇ ಕಂಡುಕೊಂಡರು.

ಮಡಗಾಂವದ ನೋಂದಣಿ ಕಚೇರಿಯಲ್ಲಿ ನಾವು ಹೋದ ದಿನ ಮುದುಕ ದಂಪತಿಗಳು ತೆಂಗಿನ ತೋಟ ಮಾರಲು ಬಂದಿದ್ದರು. ಗಂಡ ಸಹಿ ಹಾಕಿದ. ಹೆಂಡತಿ ಲೇಖನಿ ಹಿಡಿದಳು, ಯೋಚಿಸಿದಳು, ಕೆಳಗಿಟ್ಟಳು. ತಲೆಯಲ್ಲಾಡಿಸಿ ಎದ್ದು ಹೊರಟೇಬಿಟ್ಟಳು. ಗಂಡ ಕೊಡೆ ಹಿಡಿದುಕೊಂಡು ಹಿಂದೆ ನಡೆದ. ಜಗಳವಿಲ್ಲ, ಕೂಗಾಟವಿಲ್ಲ. ಗೌಡರು ನನ್ನ ತೋಳು ತಿವಿದು, “ಮುಗೀತೇನ್ರಿ?” ಎಂದು ಕೇಳಿದರು. ಮುಗಿಯಿತು ಎಂದೆ. ನೀಲಾ ಅಷ್ಟರಲ್ಲಿ ಗುಮಾಸ್ತನನ್ನು ಮರಾಠಿಯಲ್ಲಿ ಹಿಡಿದು ನಿಲ್ಲಿಸಿದ್ದಳು. ತವರಿನಿಂದ ಏನನ್ನೂ ತರದೆ ಬಂದವಳಿಗೂ ಅರ್ಧವೇ? ಗಂಡ ಸಾಲ ಮಾಡಿದ್ದರೆ? ಮಗಳು ಮದುವೆಯಾಗಿ ಹೋಗಿದ್ದರೆ? ಒಂದು ಪ್ರಶ್ನೆಯ ಬಾಲಕ್ಕೆ ಇನ್ನೊಂದು. ಗುಮಾಸ್ತ ಬೆವರು ಒರೆಸಿಕೊಂಡು, “ಈ ಹುಡುಗಿ ಎಲ್ಲಿಯವಳು?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಗೌಡರು, “ಯರಗುಪ್ಪಿ” ಎಂದರು. ಪ್ಯಾರಿಸ್ ಎನ್ನುವವರೂ ಅಷ್ಟು ಗತ್ತಿನಿಂದ ಹೇಳಿರಲಾರರು.

ಊರಿಗೆ ಬಂದ ಮೇಲೆ ಕಾಲೇಜಿನಲ್ಲಿ ಸಭೆ ಸೇರಿತು, ಗೌಡರೂ ಬಂದಿದ್ದರು. ಎಲ್ಲರ ಪರವಾಗಿ ನೀಲಾ ಮಾತನಾಡಿದಳು. ನನ್ನ ವರ್ಷದ ಪಾಠವೆಲ್ಲ ಸೇರಿದರೂ ಅವಳ ಅರ್ಧ ಗಂಟೆಗೆ ಸಮನಾಗದು; ಇದನ್ನು ಹೊಟ್ಟೆಕಿಚ್ಚಿಲ್ಲದೆ, ಹೆಮ್ಮೆಯಿಂದ ಹೇಳುತ್ತಿದ್ದೇನೆ. ಕೊನೆಗೆ ಹಿರಿಯ ವಕೀಲರೊಬ್ಬರು ಎದ್ದುನಿಂತು, “ಎಲ್ಲಾ ಛಂದ ಆತವಾ. ಆದ್ರ ನಾಳೆ ನೀ ನಿಮ್ಮಪ್ಪನ ಹೊಲದಾಗ ಪಾಲು ಕೇಳ್ತೀಯೇನು?” ಎಂದರು. ಸಭೆಯ ತಲೆಗಳೆಲ್ಲ ಗೌಡರ ಕಡೆ ತಿರುಗಿದವು. ಅವಳು ಹೌದೆಂದರೆ ಮನೆ, ಇಲ್ಲವೆಂದರೆ ಕಲಿತದ್ದೆಲ್ಲ ಹೋಯಿತು.

ನೀಲಾ ತಂದೆಯನ್ನೇ ನೋಡುತ್ತ, “ಅಲ್ಲೆ ಯಾರೂ ಕೇಳೂದಿಲ್ರಿ ಸರ್” ಎಂದಳು. “ತಮ್ಮದ ಇದ್ದದ್ದನ್ನ ಯಾಕ ಕೇಳ್ತಾರ್ರಿ?”

ಮೊದಲು ಚಪ್ಪಾಳೆ ತಟ್ಟಿದವರು ಗೌಡರೇ. ತಟ್ಟಿದ ಮೇಲೆ ತಾವೇನು ಮಾಡಿದೆವೆಂದು ಹೊಳೆದಂತೆ ಕೈಗಳನ್ನು ನೋಡಿಕೊಂಡರು. ಕುಂದಗೋಳದವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ನಾನು ಇಳಿಯುವಾಗ, “ವಕೀಲ್ರ, ಈಕಿನ್ನ ಎದುರು ಪಕ್ಷಕ್ಕ ಹೋಗಾಕ ಬಿಡಬಾರದ್ರಿ” ಎಂದಷ್ಟೇ ಹೇಳಿದರು.

ಮರುವರ್ಷ ಎರಡನೆಯ ಪ್ರವಾಸದ ಸಿದ್ಧತೆ ನಡೆದಿತ್ತು. ಈಗ ಪ್ರಾಚಾರ್ಯರೇ ಮುಂದೆ ನಿಂತು, ಮೊದಲಿನಿಂದಲೂ ಇದು ತಮ್ಮದೇ ವಿಚಾರವೆಂದು ಎಲ್ಲರಿಗೂ ಹೇಳುತ್ತಿದ್ದರು. ಒಂದು ದಿನ ಬಸನಗೌಡರು ನನ್ನ ಆಫೀಸಿಗೆ ಬಂದರು. ಮತ್ತೆ ಹೊರಟಿರಾ ಎಂದು ಕೇಳಿದೆ.

“ನಾ ಬರೂದಿಲ್ರಿ. ನಮ್ಮನಿಯಾಕಿನ್ನ ಕರಕೊಂಡ ಹೋಗ್ರಿ.”

“ಗಂಗವ್ವಾರನ್ನ? ಯಾಕ್ರಿ?”

ಗೌಡರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಅರ್ಧಾ ಹೊಲ ನಿಂದು, ಉಳದ ಅರ್ಧದಾಗ ಮೂರೂ ಮಕ್ಕಳು ಸಮ ಅಂತ ಹೇಳಾಕ ಹತ್ತಿ ವರ್ಷಾತ್ರಿ. ಜ್ವರಾ ಬಂದಾವೇನು ಅಂತ ಹಣಿ ಮುಟ್ಟಿ ನೋಡ್ತಾಳ. ನಾ ಹೇಳಿದ್ರ ನಂಬವಲ್ಲಳು. ಅಲ್ಲೆ ಒಮ್ಮೆ ನೋಡಿ ಬರ್ಲಿ.”