ಮೂವತ್ತೆಂಟು ಸೆಕೆಂಡಿನ ಬಾಗಿಲು

ವಿದ್ಯುತ್ ಚಿತಾಗಾರದಲ್ಲಿ ಪಿಯಾನೋ ನುಡಿಸುವುದೂ ಒಂದು ನೌಕರಿ ಎಂದರೆ ಮೊದಲ ಸಲ ಕೇಳಿದವರು ನಗುತ್ತಾರೆ. ನಗಲಿ. ನಕ್ಕವರೂ ಒಂದು ದಿನ ಅಲ್ಲಿಗೆ ಬಂದು ಮುಂದಿನ ಬೆಂಚಿನಲ್ಲಿ ಕೂರಲೇಬೇಕು, ಆಗ ಯಾರಿಗೂ ನಗು ಬರುವುದಿಲ್ಲ. ಆ ನೌಕರಿಯಲ್ಲಿ ಇಪ್ಪತ್ತೊಂದು ವರ್ಷ ಸವೆಸಿದವರಿಗೆ ಅಲ್ಲಿನವರು ಇಟ್ಟ ಹೆಸರು ಒಂದ್ನಿಮಿಷದ ಮೇಷ್ಟ್ರು. ಹಿಂದೆ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು, ಅದಕ್ಕೆ ಮೇಷ್ಟ್ರು. ಅವರು ನುಡಿಸುತ್ತಿದ್ದುದೆಲ್ಲ ಒಂದು ನಿಮಿಷದ ಆಚೀಚೆ ಮುಗಿಯುವಂಥದ್ದು, ಅದಕ್ಕೆ ಒಂದ್ನಿಮಿಷ.

ಕೆಲಸ ಇಷ್ಟೇ. ಹನ್ನೆರಡು ಬೆಂಚಿನ ಹಾಲ್. ಮುಂದೆ ಹಳಿಯ ಮೇಲೊಂದು ಗಾಡಿ, ಗಾಡಿಯ ಮೇಲೆ ಶವ. ಹಳಿಯ ಕೊನೆಗೆ ಕಬ್ಬಿಣದ ಬಾಗಿಲು, ಬಾಗಿಲಿನಾಚೆ ಒಲೆ. ಮೂಲೆಯಲ್ಲಿ ಪಿಯಾನೋ. ಮನೆಯವರ ಮಾತು ಮುಗಿದ ಮೇಲೆ ಗಾಡಿ ಹೊರಡುತ್ತದೆ, ಪಿಯಾನೋ ಶುರುವಾಗುತ್ತದೆ. ಬಾಗಿಲು ಮುಚ್ಚುವುದೂ ಕೊನೆಯ ಸ್ವರ ಬೀಳುವುದೂ ಒಟ್ಟಿಗೇ ಆಗಬೇಕು. ಹತ್ತೊಂಬತ್ತು ವರ್ಷ ಆ ಗಾಡಿಯನ್ನು ಕೈಯಲ್ಲೇ ತಳ್ಳುತ್ತಿದ್ದವನು ಒಲೆಯವನು. ತಲೆ ತಗ್ಗಿಸಿ, ಒಂದು ಕಿವಿಯನ್ನು ಪಿಯಾನೋಗೆ ಕೊಟ್ಟು ತಳ್ಳುತ್ತಿದ್ದ. ಮೇಷ್ಟ್ರು ನಿಧಾನಿಸಿದರೆ ಅವನ ಹೆಜ್ಜೆಯೂ ನಿಧಾನಿಸುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಮೇಷ್ಟ್ರಿಗೂ ಒಂದು ನಿಯಮವಿತ್ತು. ನುಡಿಸುವಾಗ ಗಾಡಿಯ ಕಡೆ ನೋಡಕೂಡದು. ದಿನಕ್ಕೆ ಎಂಟು ಶವ. ನೋಡುತ್ತ ಕೂತರೆ ಮನುಷ್ಯ ಉಳಿಯುವುದುಂಟೇ?

ಪುಟ್ಟ ತುಣುಕುಗಳೆಂದರೆ ಅವರಿಗೆ ಹುಚ್ಚು. ಅರ್ಧ ಗಂಟೆಯ ಘನ ರಚನೆಗಳನ್ನು ಕಲಿಯದವರಲ್ಲ. ಕಲಿತಿದ್ದರು, ಸಭೆಗಳಲ್ಲಿ ನುಡಿಸಿಯೂ ಇದ್ದರು. "ಅರ್ಧ ಗಂಟೆ ಕೊಟ್ರೆ ಅತ್ತವರೂ ಕಣ್ಣೊರೆಸಿಕೊಂಡು ಆಕಳಿಸ್ತಾರೆ" ಎನ್ನುತ್ತಿದ್ದರು. ನಲವತ್ತು ಸೆಕೆಂಡಿನದಕ್ಕೆ ಆ ಪುರುಸೊತ್ತಿಲ್ಲ. ಪೀಠಿಕೆಯಿಲ್ಲ, ಜಂಬವಿಲ್ಲ, ಬಂತು, ಹೇಳಿತು, ಹೋಯಿತು. ಬರೆದವನಿಗೆ ಇನ್ನೂ ಬರೆಯಲು ಬರುತ್ತಿತ್ತು, ಆದರೆ ಅಲ್ಲಿಗೇ ಕೈ ಎತ್ತಿದ. ಆ ಎತ್ತಿದ ಕೈ ಕಂಡರೆ ಮೇಷ್ಟ್ರಿಗೆ ಬಲು ಗೌರವ. ತಪ್ಪು ಮುಚ್ಚಿಡಲು ಅದರಲ್ಲಿ ಜಾಗವೂ ಇಲ್ಲ. ಒಂದು ತಪ್ಪಿದರೂ ತುತ್ತಿನಲ್ಲಿ ಕಲ್ಲು ಸಿಕ್ಕ ಹಾಗೆ.

ಮನೆಯಲ್ಲಿ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಅಂಗಿ, ಪ್ಯಾಂಟು ಹೊಲಿಯುತ್ತಿದ್ದರು. ಮಕ್ಕಳಿರಲಿಲ್ಲ. ಸಂಜೆ ಗಂಡ ಹೊಸದೊಂದು ತುಣುಕು ನುಡಿಸಿದರೆ ಕತ್ತರಿ ಕೆಳಗಿಡದೆಯೇ ಛೇಡಿಸುತ್ತಿದ್ದರು.

"ಇಷ್ಟೇನಾ? ಸೂಜಿಗೆ ದಾರ ಪೋಣಿಸೋದ್ರೊಳಗೆ ಮುಗೀತಲ್ರೀ."

ಆದರೆ ಒಂದು ತುಣುಕಿಗೆ ಮಾತ್ರ ಯಂತ್ರದ ಪೆಡಲಿನ ಮೇಲೆ ಅವರ ಕಾಲು ತಾನಾಗಿ ನಿಲ್ಲುತ್ತಿತ್ತು. ರಟ್ಟು ಹರಿದ ಹಳೆಯ ಪುಸ್ತಕವೊಂದರಲ್ಲಿ ಹದಿನಾರನೆಯದು. ಒಟ್ಟು ಅರವತ್ತೈದು ಸೆಕೆಂಡು. ಸರಿಯಾಗಿ ನಡುವೆ ಒಂದು ಮೌನ: ಎರಡೂ ಕೈ ಮೇಲೆತ್ತಿ, ಮೂರು ಎಣಿಸುವಷ್ಟು ಹೊತ್ತು. ಆಮೇಲೆ ಮೊದಲಿನದೇ ಮತ್ತೆ, ಆದರೆ ತಗ್ಗಿದ ದನಿಯಲ್ಲಿ. ಕೊನೆಗೆ ಒಂದೇ ಒಂದು ಸ್ವರ.

"ಮೊದಲರ್ಧ ಬರೀ ಪ್ರಶ್ನೆ ಕೇಳೋದೇ ಕಣ್ರೀ" ಎಂದಿದ್ದರು ಹೆಂಡತಿ. "ಉತ್ತರ ಇರೋದು ಆ ಕೊನೇದ್ರಲ್ಲಿ."

ಎರಡು ವರ್ಷದ ಹಿಂದೆ ಗಾಡಿಗೆ ಮೋಟಾರು ಬಂತು. ಸ್ವಿಚ್ ಒತ್ತಿದರೆ ಗಾಡಿ ತಾನೇ ಹೋಗಿ, ಬಾಗಿಲು ತಾನೇ ಮುಚ್ಚಿ, ಎಲ್ಲ ಮೂವತ್ತೆಂಟು ಸೆಕೆಂಡಿನಲ್ಲಿ ಖಲಾಸ್. ಒಮ್ಮೆ ಹೊರಟ ಮೇಲೆ ನಡುವೆ ನಿಲ್ಲಿಸಲು ಬರುವುದಿಲ್ಲ. ತಳ್ಳುವ ಹಿಡಿಯನ್ನೂ ಬಿಚ್ಚಿ ಗುಜರಿಗೆ ಹಾಕಿದರು. ಅಲ್ಲಿಯತನಕ ಗಾಡಿ ಪಿಯಾನೋ ಮಾತು ಕೇಳುತ್ತಿತ್ತು, ಇನ್ನು ಮೇಲೆ ಪಿಯಾನೋ ಗಾಡಿಯ ಮಾತು ಕೇಳಬೇಕು. ಮೇಷ್ಟ್ರು ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿ ಮೂವತ್ತೆಂಟಕ್ಕೆ ಹೊಂದುವ ಆರು ತುಣುಕು ಹುಡುಕಿದರು. ಮನೆಗೆ ಬಂದು ಅದನ್ನೇ ತಮಾಷೆಯಾಗಿ ಹೇಳಿದಾಗ ಹೆಂಡತಿ ನಗಲಿಲ್ಲ.

"ಹಾಗಾದ್ರೆ ನನ್ನ ಹದಿನಾರನೇದು?"

"ನಿಂಗ್ಯಾಕೆ ಈಗ ಆ ಮಾತು" ಎಂದು ಗದರಿದರು ಮೇಷ್ಟ್ರು.

ಗದರಿ ಒಂದೂವರೆ ವರ್ಷವಾಗಿರಲಿಲ್ಲ, ಹೆಂಡತಿಯ ಹೊಟ್ಟೆಯಲ್ಲಿ ಗಂಟು ಎಂದರು. ಕೊಯ್ದು ನೋಡಿದ ಡಾಕ್ಟರು ಹಾಗೇ ಹೊಲಿದು ಕೈಚೆಲ್ಲಿದರು. ಅಂಗಿ ತೊಟ್ಟರೆ ಹ್ಯಾಂಗರಿಗೆ ತೂಗುಹಾಕಿದಂತೆ ಕಾಣುವಷ್ಟು ಇಳಿದುಹೋದರು ಆಕೆ. ಒಂದು ಮಧ್ಯಾಹ್ನ, ಪಕ್ಕದಲ್ಲಿ ತಂಗಿಯೂ ಇದ್ದಾಗ, ಗಂಡನ ಕೈ ಹಿಡಿದು ಕೇಳಿದರು.

"ಪೂರ್ತಿ ನುಡಿಸ್ತೀರಾ? ಬಾಗಿಲು ಹಾಕೋದ್ರೊಳಗೆ ಆ ಕೊನೇದು ನಂಗೆ ಕೇಳ್ಬೇಕು. ಹಾಗಂತ ಓಡಿಸ್ಬೇಡಿ. ಓಡಿಸಿದ್ರೆ ನಂಗೆ ಗೊತ್ತಾಗುತ್ತೆ."

ಸತ್ತ ಮೇಲೆ ಏನು ಕೇಳುತ್ತೆ ಎಂದು ನೀವು ನಾವು ಅಂದೇವು. ಮೇಷ್ಟ್ರು ಅನ್ನಲಿಲ್ಲ. "ಪೂರ್ತಿ ನುಡಿಸ್ತೀನಿ" ಎಂದು ಮಾತು ಕೊಟ್ಟರು.

ದಾರಿ ತೋರಿಸಿದವನು ಒಲೆಯವನು. "ಇದಕ್ಯಾಕೆ ತಲೆ ಕೆಡಿಸ್ಕೋತೀರಿ ಮೇಷ್ಟ್ರೇ? ಗಾಡಿ ನಿಂತಿರುವಾಗ್ಲೇ ನೀವು ಶುರು ಮಾಡಿ. ನಡುವೆ ಕೈ ಎತ್ತಿ ಸುಮ್ನಾಗ್ತೀರಲ್ಲ, ಆಗ ನಾನು ಸ್ವಿಚ್ ಒತ್ತೀನಿ. ಉಳಿದರ್ಧಕ್ಕೆ ಮೂವತ್ತೆಂಟು ಧಾರಾಳ ಆಯ್ತು. ಕೊನೇದನ್ನ ನೀವು ಚೂರು ಎಳೀರಿ ಅಷ್ಟೆ."

ಹಾಲ್ ಖಾಲಿಯಿದ್ದಾಗ ಖಾಲಿ ಗಾಡಿ ಇಟ್ಟು ಮೂರು ಸಲ ನೋಡಿದರು. ಮೂರು ಸಲವೂ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮೇಷ್ಟ್ರ ಎದೆ ಹಗುರಾಯಿತು, ಹಾಗೆ ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಹೆಂಡತಿ ಇನ್ನೂ ಉಸಿರಾಡುತ್ತಿದ್ದರು.

ಅದಾದ ಹನ್ನೊಂದನೆಯ ದಿನ ಆ ಉಸಿರೂ ನಿಂತಿತು. ನಾದಿನಿಯೇ ಅಕ್ಕನಿಗೆ ನೀಲಿ ಅಂಗಿ ತೊಡಿಸಿದಳು, ಅಕ್ಕ ತನಗೆಂದು ಹೊಲಿದುಕೊಂಡದ್ದು. ಬೆಂಚುಗಳಲ್ಲಿ ಹದಿನೈದು ಜನ ಇದ್ದರೆ ಹೆಚ್ಚು. ಮೇಷ್ಟ್ರು ಎದ್ದುಹೋಗಿ ಪಿಯಾನೋ ಮುಂದೆ ಕೂತರು. ಒಲೆಯವನು ಸ್ವಿಚ್ಚಿನ ಮೇಲೆ ಬೆರಳಿಟ್ಟು, ಮೇಷ್ಟ್ರ ಕಡೆ ನೋಡಲಾರದೆ, ಎಂದಿನಂತೆ ತಲೆ ತಗ್ಗಿಸಿ ನಿಂತ.

ಹದಿನಾರನೆಯದು ಶುರುವಾಯಿತು. ಚೆನ್ನಾಗಿಯೇ ಬರುತ್ತಿತ್ತು. ಎರಡನೆಯ ಸಾಲಿಗೆ ಬಂದಾಗ ಮೇಷ್ಟ್ರು ತಲೆಯೆತ್ತಿ ನೋಡಿದರು. ಇಪ್ಪತ್ತೊಂದು ವರ್ಷ ನೋಡದವರು ನೋಡಿಬಿಟ್ಟರು. ನೀಲಿ ಅಂಗಿಯ ಕಾಲರು ಒಂದು ಕಡೆ ಒಳಕ್ಕೆ ಮಡಿಸಿಕೊಂಡಿತ್ತು. ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಕಾಲರು ಸರಿಮಾಡಿ ಕಳಿಸುತ್ತಿದ್ದ ಹೆಂಗಸು ಅದು. ಅಯ್ಯೋ, ಹೀಗೇ ಹೊರಟಳಲ್ಲ ಎನಿಸಿತು, ಅಷ್ಟೇ. ಸರಿಮಾಡಲೆಂದು ಕೈ ತನ್ನಷ್ಟಕ್ಕೇ ಮೇಲೆದ್ದಿತು.

ಪಿಯಾನೋ ಸುಮ್ಮನಾಯಿತು. ಸುಮ್ಮನಾದದ್ದು ಒಲೆಯವನ ಕಿವಿಗೆ ಬಿತ್ತು. ಅವನು ಸ್ವಿಚ್ ಒತ್ತಿದ.

ಗಾಡಿ ಕದಲಿತು. ಇನ್ನೂ ಐವತ್ತೈದು ಸೆಕೆಂಡಿನಷ್ಟು ಬಾಕಿ, ಇರುವುದು ಮೂವತ್ತೆಂಟು. ಬಿಟ್ಟಲ್ಲಿಂದ ಹಿಡಿದರು, ಓಡಿಸಿದರು. ಒಂದು ಸಾಲು ದಡಬಡನೆ ಉರುಳಿಹೋಯಿತು. ಓಡಿಸಿದ್ರೆ ನಂಗೆ ಗೊತ್ತಾಗುತ್ತೆ ಎಂದವಳು ಕಣ್ಣೆದುರೇ ದೂರವಾಗುತ್ತಿದ್ದಳು. ಮೇಷ್ಟ್ರು ಹಲ್ಲು ಕಚ್ಚಿ ನಿಧಾನಿಸಿದರು. ನಡುವಿನ ಮೌನ ಬಂತು. ಅದಕ್ಕೂ ಮೂರು ಎಣಿಸಿದರು; ಒಂದನ್ನೂ ಕದಿಯಲಿಲ್ಲ. ತಗ್ಗಿದ ದನಿಯಲ್ಲಿ ಶುರುವಾದ ಉಳಿದರ್ಧ ಇನ್ನೂ ಅರ್ಧ ದಾರಿಯಲ್ಲಿತ್ತು, ಬಾಗಿಲು ಮುಚ್ಚಿತು. ಒಳಗೆ ಬೆಂಕಿಯ ಗಾಳಿ ಗುಂಯ್ ಎಂದಿತು.

ಮೇಷ್ಟ್ರು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆ ತುಣುಕನ್ನು ಅಕ್ಕನ ಮನೆಯಲ್ಲಿ ನೂರು ಸಲ ಕೇಳಿದ್ದ ನಾದಿನಿ ಹತ್ತಿರ ಬಂದಳು.

"ಯಾಕೆ ನಿಲ್ಲಿಸಿಬಿಟ್ರಿ ಭಾವ? ಕೊನೇದು ಇನ್ನೂ ಇತ್ತಲ್ಲ."

"ಇತ್ತಮ್ಮ" ಎಂದರು ಮೇಷ್ಟ್ರು.

"ಅಕ್ಕ ಕೇಳಿದ್ದು ಅದೊಂದೇ ಅಲ್ವಾ?"

ನಾದಿನಿ ಹೊರಗೆ ಹೋದಳು. ಒಲೆಯವನು ಗೋಡೆ ಹಿಡಿದು ಬಂದ.

"ನಾನು... ಸುಮ್ನಾಯ್ತಲ್ಲ ಅಂತ ಒತ್ತಿಬಿಟ್ಟೆ ಮೇಷ್ಟ್ರೇ."

"ಸುಮ್ನಾಗಿತ್ತು ಕಣಯ್ಯ. ನೀನು ಸರಿಯಾಗೇ ಒತ್ತಿದೆ."

"ಮನೆಗೆ ಹೋಗಿ. ಇವತ್ತಿನ ಮಿಕ್ಕಿದ್ದಕ್ಕೆ ರೆಕಾರ್ಡು ಹಾಕ್ತೀನಿ."

"ಮನೇಲಿ ಯಾರಿದ್ದಾರೆ?"

ಹೊರಗೆ ಮುಂದಿನವರು ಬಂದಾಗಿತ್ತು. ಯಾವುದೋ ಮುದುಕ, ಯಾರದೋ ತಂದೆ. ಮೇಷ್ಟ್ರು ಅಲ್ಲೇ ಕೂತರು, ಹರಿದ ಪುಸ್ತಕ ಮಡಚಿ ಪಿಯಾನೋ ಕೆಳಗಿಟ್ಟರು, ಮೂವತ್ತೆಂಟರದ್ದೊಂದನ್ನು ನುಡಿಸಿದರು. ಬಾಗಿಲೂ ಸ್ವರವೂ ಒಟ್ಟಿಗೇ ಮುಗಿದವು.

ಆ ದಿನದಿಂದ ಒಲೆಯವನು ಕಿವಿಯನ್ನು ನಂಬುವುದಿಲ್ಲ. ತಲೆಯೆತ್ತಿ ಮೇಷ್ಟ್ರ ಮುಖ ನೋಡುತ್ತಾನೆ, ಅವರು ಹೂಂ ಎಂದು ತಲೆಯಾಡಿಸಿದ ಮೇಲೆಯೇ ಸ್ವಿಚ್ ಒತ್ತುತ್ತಾನೆ. ಮೇಷ್ಟ್ರೂ ಈಗ ಪ್ರತಿ ಶವವನ್ನೂ ನೋಡುತ್ತಾರೆ. ಶುರು ಮಾಡುವ ಮೊದಲು ಎದ್ದುಹೋಗಿ ಕಾಲರು ಸರಿಮಾಡಿ ಬಂದು ಕೂರುತ್ತಾರೆ. ಬಾಗಿಲೂ ಕೊನೆಯ ಸ್ವರವೂ ಒಂದು ಸಲವೂ ತಪ್ಪಿಲ್ಲ. ಆ ದಿನಕ್ಕೆ ಮುಂಚೆಯೂ ತಪ್ಪಿರಲಿಲ್ಲ.